ಸಿಸ್ಟರ್ ಅಭಯಾ ಪ್ರಕರಣ

ಸಿಸ್ಟರ್ ಅಭಯಾ ಪ್ರಕರಣವು ಕೇರಳದ ಕೊಟ್ಟಾಯಂ ನಗರದಲ್ಲಿ 1992ರ ಮಾರ್ಚ್ 27ರಂದು ಸಂಭವಿಸಿದ ಕ್ಯಾಥೊಲಿಕ್ ಸನ್ಯಾಸಿನಿಯೊಬ್ಬರ ಸಾವಿಗೆ ಸಂಬಂಧಿಸಿದುದು. ವಿಚಾರಣಾ ನ್ಯಾಯಾಲಯದ ತೀರ್ಪು ಹೊರಬೀಳಲು 28 ವರ್ಷಗಳು ಹಿಡಿದವು. ಹಳೆಯ ಕೊಲೆ ಪ್ರಕರಣಗಳ ತನಿಖೆಯನ್ನು ಎಲ್ಲಿಯವರೆಗೆ ಮುಂದುವರಿಸಬೇಕೆಂಬ ಚರ್ಚೆಯಲ್ಲಿ ಇದು ಗಮನಿಸಬೇಕಾದ ನಿದರ್ಶನವಾಗಿದೆ.

ತನಿಖೆ

ಪ್ರಿ-ಡಿಗ್ರಿ ವಿದ್ಯಾರ್ಥಿನಿಯಾಗಿದ್ದ ಅಭಯಾ ಅವರ ಶವವು ಅವರು ವಾಸವಾಗಿದ್ದ ಕಾನ್ವೆಂಟಿನ ಬಾವಿಯಲ್ಲಿ ದೊರೆಯಿತು. ಸ್ಥಳೀಯ ಪೊಲೀಸರೂ ರಾಜ್ಯದ ಅಪರಾಧ ವಿಭಾಗವೂ ಇದನ್ನು ಆತ್ಮಹತ್ಯೆಯೆಂದು ತೀರ್ಮಾನಿಸಿದವು. 1993ರಲ್ಲಿ ತನಿಖೆಯು ಕೇಂದ್ರೀಯ ತನಿಖಾ ದಳಕ್ಕೆ (ಸಿಬಿಐ) ವರ್ಗಾವಣೆಯಾಯಿತು. ಸಿಬಿಐ ಕೂಡ ಪ್ರಕರಣವನ್ನು ಮುಕ್ತಾಯಗೊಳಿಸಲು ಅನುಮತಿ ಕೋರಿ ಒಂದಕ್ಕಿಂತ ಹೆಚ್ಚು ಬಾರಿ ವರದಿ ಸಲ್ಲಿಸಿತು. ನ್ಯಾಯಾಲಯವು ಆ ವರದಿಗಳನ್ನು ಒಪ್ಪದೆ ತನಿಖೆ ಮುಂದುವರಿಸುವಂತೆ ಆದೇಶಿಸಿತು. ಪ್ರಕರಣ ಜೀವಂತವಾಗಿ ಉಳಿದುದು ಮುಖ್ಯವಾಗಿ ಈ ನಿರಾಕರಣೆಯಿಂದಲೇ ಎನ್ನಬಹುದು. 2008ರಲ್ಲಿ ಇಬ್ಬರು ಪಾದ್ರಿಗಳನ್ನೂ ಒಬ್ಬ ಸನ್ಯಾಸಿನಿಯನ್ನೂ ಬಂಧಿಸಲಾಯಿತು.

ಆರೋಪಿಗಳ ನಾರ್ಕೊ ಪರೀಕ್ಷೆ ನಡೆದುದು ಬೆಂಗಳೂರಿನಲ್ಲಿ. ವ್ಯಕ್ತಿಯ ಒಪ್ಪಿಗೆಯಿಲ್ಲದೆ ಇಂತಹ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ತೀರ್ಪಿತ್ತಿತು.

ಕಾಲಮಿತಿ ಮತ್ತು ಸಾಕ್ಷ್ಯ

ಭಾರತೀಯ ಕಾನೂನಿನಲ್ಲಿ ಕಾಲಮಿತಿಯು ಮೂರು ವರ್ಷದವರೆಗಿನ ಸೆರೆವಾಸದ ಲಘು ಅಪರಾಧಗಳಿಗಷ್ಟೇ ಅನ್ವಯಿಸುತ್ತದೆ. ಕೊಲೆಗೆ ಅಂತಹ ಮಿತಿಯಿಲ್ಲ. ದೋಷಾರೋಪ ಪಟ್ಟಿ ಸಲ್ಲಿಸಿದ ಮೇಲೂ ಹೆಚ್ಚಿನ ತನಿಖೆಗೆ ಅವಕಾಶವಿದೆ. ಆದರೆ ಕಾನೂನು ಕಾದರೂ ಸಾಕ್ಷ್ಯ ಕಾಯುವುದಿಲ್ಲ. ಈ ಪ್ರಕರಣದಲ್ಲಿ ಮೃತರ ಬಟ್ಟೆ ಮೊದಲಾದ ವಸ್ತುಗಳು ಆರಂಭದ ವರ್ಷಗಳಲ್ಲಿಯೇ ನಾಶವಾಗಿದ್ದವು. ಹಲವು ಸಾಕ್ಷಿಗಳು ಪ್ರತಿಕೂಲವಾಗಿ ನುಡಿದರು. ಹೀಗಾಗಿ ಆ ರಾತ್ರಿ ಕಳ್ಳತನಕ್ಕೆಂದು ಕಾನ್ವೆಂಟಿಗೆ ನುಗ್ಗಿದ್ದ ವ್ಯಕ್ತಿಯೊಬ್ಬನ ಹೇಳಿಕೆಯೇ ಪ್ರಮುಖ ಆಧಾರವಾಯಿತು. ದಶಕಗಳ ಕಾಲ ಆತ ಮಾತು ಬದಲಿಸಲಿಲ್ಲ.

ತೀರ್ಪು

2020ರ ಡಿಸೆಂಬರ್‌ನಲ್ಲಿ ತಿರುವನಂತಪುರದ ಸಿಬಿಐ ವಿಶೇಷ ನ್ಯಾಯಾಲಯವು ಒಬ್ಬ ಪಾದ್ರಿ ಹಾಗೂ ಸನ್ಯಾಸಿನಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಇನ್ನೊಬ್ಬ ಪಾದ್ರಿಯನ್ನು ಸಾಕ್ಷ್ಯಾಭಾವದಿಂದ ಮೊದಲೇ ಕೈಬಿಡಲಾಗಿತ್ತು. ಅಭಯಾ ಅವರ ತಂದೆತಾಯಿ ತೀರ್ಪು ಕೇಳಲು ಬದುಕಿರಲಿಲ್ಲ. ಇಬ್ಬರೂ 2016ರಲ್ಲಿ ತೀರಿಕೊಂಡಿದ್ದರು. ಅಪರಾಧಿಗಳು ಸಲ್ಲಿಸಿದ ಮೇಲ್ಮನವಿಯ ಸಂದರ್ಭದಲ್ಲಿ ಕೇರಳ ಉಚ್ಚ ನ್ಯಾಯಾಲಯವು 2022ರ ಜೂನ್‌ನಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಅವರಿಗೆ ಜಾಮೀನು ನೀಡಿತು.