ಒಂದು ‘ಟಕ್’ ಸದ್ದಿನ ಚರಿತ್ರೆ

ಬೆಳಿಗ್ಗೆ ಆರು ಗಂಟೆ. ಮದುವೆಗೆ ಹೊರಟ ಸಂಸಾರ ಕಾರಿನಲ್ಲಿ ಕುಳಿತಾಗಿದೆ. ಮುಂದೆ ಹಣ್ಣಿನ ಬುಟ್ಟಿ, ಹಿಂದಿನ ಸೀಟಿನಲ್ಲಿ ಅಜ್ಜಿ. ಯಜಮಾನರು ಕೀಲಿ ತಿರುಗಿಸುತ್ತಾರೆ. ‘ಟಕ್’. ಅಷ್ಟೆ. ಇನ್ನೊಮ್ಮೆ ತಿರುಗಿಸಿದರೆ ಇನ್ನೊಂದು ‘ಟಕ್’. ದೀಪ ಉರಿಯುತ್ತದೆ, ಹಾರ್ನ್ ಕೂಗುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯವರು ಹಲ್ಲುಜ್ಜುತ್ತಲೇ ಗೇಟಿನ ಬಳಿ ಬಂದು, ‘ಬ್ಯಾಟರಿ ಹೋಗಿದೆ ಸಾರ್’ ಎಂದು ತೀರ್ಪು ಕೊಟ್ಟಿರುತ್ತಾರೆ.

ಈ ತೀರ್ಪು ಎಷ್ಟೋ ಸಲ ತಪ್ಪಾಗಿರುತ್ತದೆ. ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿ, ಮರುದಿನ ಅದೇ ‘ಟಕ್’ ಕೇಳಿಸಿಕೊಂಡವರು ಕಡಿಮೆಯಿಲ್ಲ. ದೋಷವಿರುವುದು ಬೆಂಕಿಪೊಟ್ಟಣದಷ್ಟಿರುವ ಕಪ್ಪು ಡಬ್ಬಿಯೊಂದರಲ್ಲಿ ಇರಬಹುದು. ಅದರ ಹೆಸರು ಸ್ಟಾರ್ಟರ್ ರಿಲೇ. ಬೆಲೆ ಬಹಳವೆಂದರೆ ಕೆಲವು ನೂರು ರೂಪಾಯಿ. ಈ ಪುಟ್ಟ ಡಬ್ಬಿ ಕಾರಿನೊಳಗೆ ಬಂದು ಸೇರಿದ ಕಥೆಯಲ್ಲಿ ಮುರಿದ ಮಣಿಕಟ್ಟುಗಳಿವೆ, ಒಂದು ಸಾವಿದೆ, ತಂತಿ ವರ್ತಮಾನದ ಚರಿತ್ರೆಯೂ ಇದೆ.

ಕನ್ನಡ ನಾಡಿನ ಚಾಲಕರು ‘ಸ್ಟಾರ್ಟರ್ ಮೋಟಾರು ಕೆಲಸ ಮಾಡುತ್ತಿಲ್ಲ’ ಎನ್ನುವುದಿಲ್ಲ. ‘ಸೆಲ್ಫ್ ಎತ್ತುತ್ತಿಲ್ಲ’ ಎನ್ನುತ್ತಾರೆ. ಸೆಲ್ಫ್ ಎತ್ತದ ಬಸ್ಸನ್ನು ಇಳಿಜಾರಿನಲ್ಲೇ ನಿಲ್ಲಿಸುವ ಡ್ರೈವರು, ‘ಸ್ವಲ್ಪ ಇಳಿದು ತಳ್ರಪ್ಪಾ’ ಎನ್ನುವ ಕಂಡಕ್ಟರು ನಮ್ಮ ಊರುಗಳ ನೆನಪಿನ ಭಾಗವೇ ಆಗಿದ್ದಾರೆ. ಈ ‘ಸೆಲ್ಫ್’ ಎಂಬ ಮಾತು ‘ಸೆಲ್ಫ್ ಸ್ಟಾರ್ಟರ್’ ಎಂಬುದರ ಮೊದಲರ್ಧ. ತಾನೇ ಹೊರಡುವ ಕಾರು ಎಂಬುದು ಒಂದು ಸೋಜಿಗವಾಗಿದ್ದ ಕಾಲದಲ್ಲಿ ಹುಟ್ಟಿದ ಹೆಸರು ಅದು. ಅದಕ್ಕೆ ಮೊದಲು ಕಾರು ತಾನಾಗಿ ಹೊರಡುತ್ತಿರಲಿಲ್ಲ. ಯಾರಾದರೂ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು.

ಹ್ಯಾಂಡಲ್ ಹೊಡೆಯುವುದು ಬರೀ ತೋಳ್ಬಲದ ಕೆಲಸವಾಗಿರಲಿಲ್ಲ. ಎಂಜಿನ್ನಿನ ಕಿಡಿ ಸರಿಯಾದ ಗಳಿಗೆಗಿಂತ ಮೊದಲೇ ಹಾರಿದರೆ, ಮೇಲೇರುತ್ತಿದ್ದ ಪಿಸ್ಟನ್ ಅರ್ಧದಲ್ಲೇ ಹಿಂದಕ್ಕೆ ಒದೆಯಲ್ಪಡುತ್ತಿತ್ತು. ಎಂಜಿನ್ ಹಿಮ್ಮುಖವಾಗಿ ತಿರುಗಿ, ಕಬ್ಬಿಣದ ಹ್ಯಾಂಡಲ್ ಹಿಡಿದವನ ಕೈಗೆ, ಕೆಲವೊಮ್ಮೆ ದವಡೆಗೆ ಬಡಿಯುತ್ತಿತ್ತು. ಹ್ಯಾಂಡಲನ್ನು ಮುಷ್ಟಿ ಕಟ್ಟಿ ಹಿಡಿಯಬಾರದು, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಡಬೇಕು, ಕೆಳಕ್ಕೆ ಒತ್ತದೆ ಮೇಲಕ್ಕೆ ಎಳೆಯಬೇಕು – ಇವು ಆ ಕಾಲದ ಚಾಲಕರ ಮೊದಲ ಪಾಠಗಳು. ಮಣಿಕಟ್ಟಿನ ಬಳಿ, ಹೆಬ್ಬೆರಳಿನ ಕಡೆಯ ಎಲುಬಿನ ತುದಿ ಮುರಿಯುವ ಒಂದು ಬಗೆಯನ್ನು ಮೂಳೆ ವೈದ್ಯರು ಇಂದಿಗೂ ‘ಶೋಫರ್ಸ್ ಫ್ರಾಕ್ಚರ್’ ಎಂದೇ ಕರೆಯುತ್ತಾರೆ. ಹ್ಯಾಂಡಲ್ ಮೂಲೆಗೆ ಸೇರಿದರೂ ಅದು ಮುರಿದ ಮೂಳೆಯ ಹೆಸರು ವೈದ್ಯಕೀಯ ಪುಸ್ತಕದಲ್ಲಿ ಉಳಿದುಕೊಂಡಿದೆ.

ಈ ಹ್ಯಾಂಡಲಿನ ಭಯದಿಂದಲೇ ಅಮೆರಿಕದ ಅನೇಕ ಹೆಂಗಸರು ಪೆಟ್ರೋಲ್ ಕಾರಿನ ತಂಟೆಗೆ ಹೋಗದೆ ಬ್ಯಾಟರಿ ಕಾರನ್ನು ಆಯ್ದುಕೊಂಡರು. ಲಕ್ಷಾಂತರ ಪೆಟ್ರೋಲ್ ಕಾರುಗಳನ್ನು ಮಾಡಿ ಮಾರಿದ ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಅವರೇ ಓಡಿಸುತ್ತಿದ್ದುದು ‘ಡೆಟ್ರಾಯಿಟ್ ಎಲೆಕ್ಟ್ರಿಕ್’ ಎಂಬ, ಬೇರೆ ಕಂಪನಿಯ ವಿದ್ಯುತ್ ಕಾರು!

ಸೆಲ್ಫ್ ಸ್ಟಾರ್ಟರಿನ ಹುಟ್ಟಿಗೆ ಒಂದು ದುರಂತದ ಹಿನ್ನೆಲೆಯನ್ನು ಹೇಳುವುದುಂಟು. ‘ಕಾರ್ಟರ್‌ಕಾರ್’ ಎಂಬ ಮೋಟಾರು ತಯಾರಿಸುತ್ತಿದ್ದ ಬೈರನ್ ಕಾರ್ಟರ್, ದಾರಿಯಲ್ಲಿ ಕಾರು ನಿಂತುಹೋಗಿ ಪರದಾಡುತ್ತಿದ್ದ ಮಹಿಳೆಯೊಬ್ಬರಿಗೆ ನೆರವಾಗಲು ಹೋದರು. ಹ್ಯಾಂಡಲ್ ತಿರುಗಿಬಿದ್ದು ದವಡೆ ಮುರಿಯಿತು. ಕೆಲವು ದಿನಗಳಲ್ಲಿ ತೀರಿಕೊಂಡರು. ಗೆಳೆಯನ ಸಾವಿನಿಂದ ನೊಂದ ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೇಲ್ಯಾಂಡ್, ಈ ಹ್ಯಾಂಡಲನ್ನು ತೊಲಗಿಸಲೇಬೇಕೆಂದು ಪಣ ತೊಟ್ಟರು ಎನ್ನುತ್ತದೆ ಕಥೆ. ಕಾರ್ಟರ್ 1908ರಲ್ಲಿ ತೀರಿಕೊಂಡದ್ದು ನಿಜ. ಆದರೆ ಉಳಿದ ವಿವರಗಳು ಹೇಳುವವರ ಬಾಯಲ್ಲಿ ಬದಲಾಗುತ್ತ ಬಂದಿವೆ. ಚರಿತ್ರಕಾರರು ಇದನ್ನು ಪೂರ್ತಿ ನಂಬುವುದಿಲ್ಲ. ಒಬ್ಬರ ಸಾವಿನ ಕಥೆ ಇಲ್ಲದಿದ್ದರೂ, ಕೈ ಮುರಿದುಕೊಂಡವರ ಸಂಖ್ಯೆಯೇ ಈ ಪಣಕ್ಕೆ ಸಾಕಾಗಿತ್ತು.

ಕೆಲಸ ಬಂದದ್ದು ಒಹಾಯೋ ರಾಜ್ಯದ ಡೇಟನ್ ನಗರದ ಚಾರ್ಲ್ಸ್ ಕೆಟರಿಂಗ್ ಅವರ ಬಳಿಗೆ. 1876ರಲ್ಲಿ ಹುಟ್ಟಿದ ಈ ಎಂಜಿನಿಯರು ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರ್ ತಯಾರಿಸುವ ಕಂಪನಿಯಲ್ಲಿದ್ದವರು. ಆ ಯಂತ್ರಕ್ಕೆ ಒಂದು ಪುಟ್ಟ ವಿದ್ಯುತ್ ಮೋಟಾರು ಜೋಡಿಸಿ, ಕೈಯಿಂದ ತಿರುಗಿಸುವ ತೊಂದರೆ ತಪ್ಪಿಸಿದ್ದರು. ಕಾರಿನ ವಿಷಯ ಬಂದಾಗ ಬಲ್ಲವರು ಅಡ್ಡಿ ಹೇಳಿದರು. ಎಂಜಿನ್ ತಿರುಗಿಸುವಷ್ಟು ಶಕ್ತಿಯ ಮೋಟಾರು, ಅದಕ್ಕೆ ತಕ್ಕ ಬ್ಯಾಟರಿ ಎರಡೂ ಸೇರಿದರೆ ಕಾರಿನಲ್ಲಿ ಜನರಿಗೇ ಜಾಗ ಉಳಿಯುವುದಿಲ್ಲ ಎಂಬುದು ಅವರ ವಾದ. ಕ್ಯಾಶ್ ರಿಜಿಸ್ಟರಿನ ಅನುಭವ ಕೆಟರಿಂಗ್ ಅವರಿಗೆ ಬೇರೆಯದೇ ಪಾಠ ಕಲಿಸಿತ್ತು. ಗಲ್ಲಾಪೆಟ್ಟಿಗೆಯ ಮೋಟಾರು ದಿನವಿಡೀ ಓಡಬೇಕಿಲ್ಲ, ಒಂದು ಕ್ಷಣ ಓಡಿದರೆ ಸಾಕು. ಒಂದು ಕ್ಷಣದ ಮಟ್ಟಿಗಾದರೆ ಚಿಕ್ಕ ಮೋಟಾರಿನ ಮೇಲೂ ಅದರ ಶಕ್ತಿ ಮೀರಿ ಹೊರೆ ಹಾಕಬಹುದು. ಅದು ಬಿಸಿಯಾಗಿ ಸುಡುವ ಮೊದಲೇ ಕೆಲಸ ಮುಗಿದಿರುತ್ತದೆ. 1911ರ ಫೆಬ್ರವರಿಯಲ್ಲಿ ಅವರ ಸ್ಟಾರ್ಟರು ಕ್ಯಾಡಿಲಾಕ್ ಕಾರಿನಲ್ಲಿ ಕೆಲಸ ಮಾಡಿತು. 1912ರ ಮಾದರಿಯ ಕಾರುಗಳಲ್ಲಿ ಅದು ಮಾರುಕಟ್ಟೆಗೆ ಬಂತು. ಎಂಜಿನ್ ತಿರುಗಿಸುವಾಗ 24 ವೋಲ್ಟಿನಲ್ಲಿ ಮೋಟಾರು, ಎಂಜಿನ್ ಹೊತ್ತಿಕೊಂಡ ಮೇಲೆ 6 ವೋಲ್ಟಿನಲ್ಲಿ ಬ್ಯಾಟರಿ ತುಂಬುವ ಜನರೇಟರು – ಹೀಗೆ ಒಂದೇ ಯಂತ್ರಕ್ಕೆ ಎರಡು ವೇಷ. ಫೋರ್ಡ್ ಅವರ ಮಾಡೆಲ್ ಟಿ ಕಾರಿಗೆ ಸ್ಟಾರ್ಟರ್ ಬರಲು 1919ರವರೆಗೆ ಕಾಯಬೇಕಾಯಿತು. ಬ್ಯಾಟರಿ ಕಾರುಗಳು ಮೂಲೆಗುಂಪಾಗಲು ಈ ಬ್ಯಾಟರಿಚಾಲಿತ ಸ್ಟಾರ್ಟರೂ ಒಂದು ಕಾರಣವಾದದ್ದು ವಿಚಿತ್ರವೇ ಸರಿ.

ನಮ್ಮ ಗ್ಯಾರೇಜುಗಳಲ್ಲಿ ‘ಬೆಂಡಿಕ್ಸ್ ಹೋಗಿದೆ’ ಎಂಬ ಮಾತೂ ಆ ಕಾಲದ್ದೇ. ಮೋಟಾರಿನ ಚಿಕ್ಕ ಹಲ್ಲುಚಕ್ರ ಮುಂದೆ ಸರಿದು ಎಂಜಿನ್ನಿನ ದೊಡ್ಡ ಚಕ್ರವನ್ನು ಕಚ್ಚಿ, ಕೆಲಸ ಮುಗಿದೊಡನೆ ತಾನಾಗಿ ಬಿಟ್ಟುಕೊಳ್ಳುವ ಉಪಾಯ ಕಂಡುಹಿಡಿದ ವಿನ್ಸೆಂಟ್ ಬೆಂಡಿಕ್ಸ್ ಅವರ ಹೆಸರು ಅದು. ಯಾರ ಹೆಸರೆಂದು ಗೊತ್ತಿಲ್ಲದೆಯೇ ಅದನ್ನು ದಿನವೂ ನೆನೆಯಲಾಗುತ್ತಿದೆ.

ಮೋಟಾರೇನೋ ಬಂತು. ಅದನ್ನು ಚಾಲೂ ಮಾಡುವ ಸ್ವಿಚ್ ಎಂಥದಿರಬೇಕು? ಸಾಧಾರಣ ಪೆಟ್ರೋಲ್ ಕಾರಿನ ಸ್ಟಾರ್ಟರು 12 ವೋಲ್ಟಿನಲ್ಲಿ 100ರಿಂದ 200 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಎರಡು ಇಸ್ತ್ರಿಪೆಟ್ಟಿಗೆಗಳು ಒಟ್ಟಿಗೆ ಬಳಸುವಷ್ಟು ಶಕ್ತಿ ಇದು. ಇಷ್ಟನ್ನು ಕೀಲಿಯ ಮೂಲಕ ಹರಿಸಿದರೆ ಕೀಲಿಯ ಸ್ವಿಚ್ ಸುಟ್ಟುಹೋಗುತ್ತದೆ. ಅಲ್ಲದೆ ಹೆಬ್ಬೆರಳಿನ ದಪ್ಪದ ತಂತಿಯನ್ನು ಸ್ಟೀರಿಂಗಿನವರೆಗೆ ಎಳೆದು ತರಬೇಕು. ಮೊದಮೊದಲು ಕಾರಿನ ನೆಲದಲ್ಲಿ ದಪ್ಪನೆಯ ಗುಂಡಿ ಇಟ್ಟು ಕಾಲಿನಿಂದ ಒತ್ತಿಸುತ್ತಿದ್ದರು. ಕೀಲಿ ತಿರುಗಿಸಿದರೆ ಸಾಕು ಎಂಬ ಸೌಕರ್ಯವನ್ನು ಕ್ರೈಸ್ಲರ್ ಕಂಪನಿ ತನ್ನ ಕಾರುಗಳಿಗೆ ಕೊಟ್ಟದ್ದು 1949ರಲ್ಲಿ. ಅದನ್ನು ಸಾಧ್ಯವಾಗಿಸಿದ ಉಪಾಯ ಕಾರಿಗಿಂತ ಬಹಳ ಹಳೆಯದು.

ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಏರ್ಪಟ್ಟ ಅಂಚೆಯ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ಅಂಚೆಯ ಓಟಗಾರನೊಬ್ಬನೇ ಇಡೀ ದಾರಿ ಓಡುತ್ತಿರಲಿಲ್ಲ. ತನ್ನ ಪಾಲಿನ ದಾರಿ ಓಡಿ, ಚೀಲವನ್ನು ದಣಿಯದ ಇನ್ನೊಬ್ಬನಿಗೆ ಕೊಡುತ್ತಿದ್ದ. ಯುರೋಪಿನಲ್ಲಿ ಹೀಗೆ ದಾರಿಯಲ್ಲಿ ಕುದುರೆ ಬದಲಿಸುವುದಕ್ಕೆ ಇದ್ದ ಹೆಸರೇ ‘ರಿಲೇ’. ತಂತಿ ವರ್ತಮಾನ ಬಂದಾಗಲೂ ಇದೇ ಸಮಸ್ಯೆ ಎದುರಾಯಿತು. ಮೈಲಿಗಟ್ಟಲೆ ತಂತಿಯಲ್ಲಿ ಹರಿದ ವಿದ್ಯುತ್ತು ಸೊರಗಿಹೋಗುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ 1830ರ ದಶಕದಲ್ಲೇ, ಸೊರಗಿದ ವಿದ್ಯುತ್ತೂ ಒಂದು ವಿದ್ಯುತ್ಕಾಂತವನ್ನು ಅಲುಗಿಸಬಲ್ಲದು, ಆ ಕಾಂತದಿಂದ ಇನ್ನೊಂದು ಬಲವಾದ ಬ್ಯಾಟರಿಯ ದಾರಿಯನ್ನು ತೆರೆಯಬಹುದು ಎಂದು ತೋರಿಸಿದ್ದರು. ಇಂಗ್ಲೆಂಡಿನ ಎಡ್ವರ್ಡ್ ಡೇವಿ ಇಂಥದೇ ಉಪಾಯಕ್ಕೆ 1838ರಲ್ಲಿ ಪೇಟೆಂಟ್ ಪಡೆದರು. ಭಾರತದಲ್ಲಿ ಟೆಲಿಗ್ರಾಂ ಸೇವೆ 2013ರಲ್ಲಿ ಮುಗಿಯಿತು. ತಂತಿಯ ರಿಲೇ ಮಾತ್ರ ಕಾರಿನಲ್ಲಿ ಉಳಿದಿದೆ.

ಕಾರಿನಲ್ಲಿ ಓಟಗಾರರು ಮೂವರು. ಕೀಲಿಯಿಂದ ಹೊರಟ ವಿದ್ಯುತ್ತು ಒಂದು ಆಂಪಿಯರಿನ ಸಣ್ಣ ಪಾಲು ಮಾತ್ರ. ಅದು ರಿಲೇಯ ಸುರುಳಿಯನ್ನು ಕಾಂತವಾಗಿಸುತ್ತದೆ. ರಿಲೇಯೊಳಗಿನ ಲೋಹದ ನಾಲಿಗೆ ಕೆಳಗೆ ಬಿದ್ದು ‘ಟಕ್’ ಎನ್ನುತ್ತದೆ, ಹತ್ತಾರು ಆಂಪಿಯರ್ ವಿದ್ಯುತ್ತು ಸೊಲೆನಾಯ್ಡ್ ಕಡೆಗೆ ಹರಿಯುತ್ತದೆ. ಸೊಲೆನಾಯ್ಡ್ ಹಲ್ಲುಚಕ್ರವನ್ನು ಮುಂದೆ ತಳ್ಳಿ, ತಾಮ್ರದ ಬಿಲ್ಲೆಯೊಂದನ್ನು ಎರಡು ದಪ್ಪ ಬೋಲ್ಟುಗಳಿಗೆ ಒತ್ತಿ ಮೋಟಾರಿಗೆ ಪೂರ್ತಿ ವಿದ್ಯುತ್ ಬಿಡುತ್ತದೆ. ಅನೇಕ ಹಳೆಯ ಸಣ್ಣ ಕಾರುಗಳಲ್ಲಿ ಮೊದಲ ರಿಲೇ ಇರಲಿಲ್ಲ, ಕೀಲಿಯೇ ನೇರವಾಗಿ ಸೊಲೆನಾಯ್ಡನ್ನು ಎಬ್ಬಿಸುತ್ತಿತ್ತು. ಅಂಥ ಕಾರುಗಳಲ್ಲಿ ಸವೆಯುತ್ತಿದ್ದುದು ಕೀಲಿಯ ಸ್ವಿಚ್.

ಮೂವರಲ್ಲಿ ಯಾರು ಸೋತರೆಂದು ತಿಳಿಯುವುದು ಹೇಗೆ? ಪಳಗಿದ ಆಟೋ ಎಲೆಕ್ಟ್ರಿಷಿಯನ್ ಮೀಟರಿಗಿಂತ ಮೊದಲು ಕಿವಿಯನ್ನು ಬಳಸುತ್ತಾನೆ. ಕೀಲಿ ತಿರುಗಿಸಿದಾಗ ‘ಟಕಟಕಟಕ’ ಎಂದು ಒಂದೇ ಸಮನೆ ಬಡಿದುಕೊಂಡರೆ ಬ್ಯಾಟರಿ ಸೊರಗಿದೆ, ಇಲ್ಲವೆ ಅದರ ತುದಿಗಳಲ್ಲಿ ಕಿಲುಬು ಕಟ್ಟಿದೆ. ಸುರುಳಿ ನಾಲಿಗೆಯನ್ನು ಎಳೆಯುತ್ತದೆ, ಮೋಟಾರಿನ ಭಾರ ಬಿದ್ದೊಡನೆ ವೋಲ್ಟೇಜ್ ಕುಸಿದು ಸುರುಳಿ ಕೈಬಿಡುತ್ತದೆ, ಭಾರ ತಪ್ಪಿದ್ದರಿಂದ ವೋಲ್ಟೇಜ್ ಏರಿ ಮತ್ತೆ ಎಳೆಯುತ್ತದೆ. ಮನೆಯ ಕರೆಗಂಟೆ ಬಡಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಸದ್ದೇ ಇಲ್ಲದಿದ್ದರೆ ಕೀಲಿಯ ಅಪ್ಪಣೆ ರಿಲೇಗೆ ಮುಟ್ಟುತ್ತಿಲ್ಲ, ಅಥವಾ ರಿಲೇಯ ಸುರುಳಿ ಹರಿದಿದೆ. ಫ್ಯೂಸು, ಕ್ಲಚ್ಚಿನ ಸ್ವಿಚ್, ಹೊಸ ಕಾರುಗಳಾದರೆ ಕಳ್ಳತನ ತಡೆಯುವ ವ್ಯವಸ್ಥೆ ಕೂಡ ಅಪ್ಪಣೆಯನ್ನು ತಡೆಯಬಹುದು. ಒಂದೇ ‘ಟಕ್’ ಕೇಳಿ ಸುಮ್ಮನಾದರೆ ಅದು ಎಲ್ಲಿಂದ ಬಂತೆಂದು ನೋಡಬೇಕು. ಫ್ಯೂಸ್ ಪೆಟ್ಟಿಗೆಯ ತೆಳುವಾದ ಸದ್ದಾದರೆ ರಿಲೇಯ ನಾಲಿಗೆ ಬಿದ್ದಿದೆ, ಆದರೆ ಸುಟ್ಟ ತುದಿಯಿಂದ ವಿದ್ಯುತ್ ದಾಟುತ್ತಿಲ್ಲ. ಎಂಜಿನ್ನಿನ ತಳದಿಂದ ಬಂದ ಭಾರವಾದ ಸದ್ದಾದರೆ ಸೊಲೆನಾಯ್ಡೋ ಮೋಟಾರೋ ಕೆಟ್ಟಿರಬೇಕು, ಇಲ್ಲವೆ ಬ್ಯಾಟರಿಯೇ ಸೋತಿರಬೇಕು.

ಪಕ್ಕದ ಮನೆಯವರ ತೀರ್ಪನ್ನು ಪರೀಕ್ಷಿಸಲು ಒಂದು ದೀಪ ಸಾಕು. ಒಳಗಿನ ದೀಪ ಹಾಕಿ ಕೀಲಿ ತಿರುಗಿಸಬೇಕು. ದೀಪ ಮಂಕಾಗಿ ಆರುವಂತಾದರೆ ಬ್ಯಾಟರಿಯ ಮೇಲಿನ ಅನುಮಾನ ಸರಿ. ದೀಪ ಅಲುಗದೆ ಉರಿದರೆ ಮೋಟಾರಿಗೆ ವಿದ್ಯುತ್ತೇ ಹೋಗುತ್ತಿಲ್ಲ. ಆಗ ಅದೇ ಪೆಟ್ಟಿಗೆಯಲ್ಲಿರುವ, ಅದೇ ನಂಬರಿನ ಹಾರ್ನ್ ರಿಲೇಯನ್ನು ಕಿತ್ತು ಸ್ಟಾರ್ಟರಿನ ಜಾಗಕ್ಕೆ ಹಾಕಿ ನೋಡುವುದು ಅತ್ಯಂತ ಅಗ್ಗದ ಪರೀಕ್ಷೆ. ಕಾರು ಹೊರಟರೆ ಹಾರ್ನ್ ಇಲ್ಲದೆ ಮದುವೆ ಮನೆ ತಲುಪಬಹುದು.

ರಿಲೇಯ ಕಾಲುಗಳ ಬಳಿ 30, 85, 86, 87 ಎಂಬ ಅಂಕಿಗಳು ಕಾಣುತ್ತವೆ. ಇದು ಜರ್ಮನಿಯಲ್ಲಿ ಗೊತ್ತುಮಾಡಿದ ಸಂಕೇತ. 30 ಬ್ಯಾಟರಿಯ ಕಡೆಯದು, 87 ಹೊರಹೋಗುವ ದಾರಿ, 85 ಮತ್ತು 86 ಸುರುಳಿಯ ಎರಡು ತುದಿ. ಕಿತ್ತ ರಿಲೇಯ ಸುರುಳಿ ಮೀಟರಿನಲ್ಲಿ ಸಾಮಾನ್ಯವಾಗಿ 50ರಿಂದ 120 ಓಮ್ ತೋರಿಸಬೇಕು. 30 ಮತ್ತು 87ರ ನಡುವೆ ಸುಮ್ಮನಿರುವಾಗ ಸಂಪರ್ಕವೇ ಇರಬಾರದು. ಇಲ್ಲಿ ಮೀಟರು ಒಂದು ಮೋಸವನ್ನೂ ಮಾಡುತ್ತದೆ. ಅರ್ಧ ಸುಟ್ಟ ತುದಿಗಳು ಭಾರವಿಲ್ಲದಾಗ ಪೂರ್ತಿ 12 ವೋಲ್ಟನ್ನೇ ತೋರಿಸುತ್ತವೆ, ಭಾರ ಬಿದ್ದಾಗ ಮಾತ್ರ ಕೈಕೊಡುತ್ತವೆ. ಸೊಲೆನಾಯ್ಡ್ ಜೋಡಿಸಿದ್ದಾಗಲೇ ಅಳೆಯಬೇಕು ಎನ್ನುವುದು ಅದಕ್ಕೇ.

ತುದಿಗಳು ಸುಡುವುದಾದರೂ ಏಕೆ? ಪ್ರತಿ ಸಲ ಕೂಡಿ ಬಿಡುವಾಗಲೂ ಕಿಡಿ ಹಾರುತ್ತದೆ. ಬ್ಯಾಟರಿ ಸೊರಗಿ ‘ಟಕಟಕ’ ಎನ್ನುವಾಗ ಒಂದೇ ಬೆಳಿಗ್ಗೆ ನೂರಾರು ಕಿಡಿ. ಎಂದರೆ ಬ್ಯಾಟರಿಯನ್ನು ದೂರಿದ ನೆರೆಯವರು ಪೂರ್ತಿ ತಪ್ಪಲ್ಲ. ಇಂದಿನ ಅಪರಾಧಿ ರಿಲೇ ಆದರೂ ಅದನ್ನು ಕೆಡಿಸಿದ್ದು ಕಳೆದ ತಿಂಗಳ ಬ್ಯಾಟರಿಯೇ ಇರಬಹುದು. ಕೆಲವೊಮ್ಮೆ ತುದಿಗಳು ಕರಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಕೀಲಿ ಬಿಟ್ಟರೂ ಮೋಟಾರು ಕಿರುಚುತ್ತ ತಿರುಗುತ್ತಲೇ ಇರುತ್ತದೆ. ತಡಮಾಡದೆ ಬ್ಯಾಟರಿಯ ತಂತಿ ಬಿಚ್ಚಬೇಕು, ಇಲ್ಲದಿದ್ದರೆ ತಂತಿಗಳು ಹೊತ್ತಿಕೊಳ್ಳಬಹುದು.

ದಾರಿಯಲ್ಲಿ ಕೈಕೊಟ್ಟಾಗ ಕೆಲವರು ಸೊಲೆನಾಯ್ಡಿನ ಎರಡು ತುದಿಗಳಿಗೆ ಸ್ಕ್ರೂ ಡ್ರೈವರ್ ಅಡ್ಡ ಹಿಡಿದು ಎಂಜಿನ್ ಎಬ್ಬಿಸುವುದುಂಟು. ಕೆಲವು ಹಳೆಯ ಬ್ರಿಟಿಷ್ ಕಾರುಗಳಲ್ಲಿ ಇದಕ್ಕೆಂದೇ ಸೊಲೆನಾಯ್ಡಿನ ಮೇಲೆ ರಬ್ಬರ್ ಗುಂಡಿ ಇರುತ್ತಿತ್ತು. ಆದರೆ ಗೇರಿನಲ್ಲಿರುವ ಕಾರಿಗೆ ಹೀಗೆ ಮಾಡಿದರೆ ಅದು ಮುಂದೆ ನಿಂತವನ ಮೇಲೆಯೇ ನೆಗೆಯುತ್ತದೆ. ಹ್ಯಾಂಡಲ್ ಹೋದ ಮೇಲೂ ಅದರ ಅಪಾಯವನ್ನು ಮರಳಿ ಕರೆತರುವ ದಾರಿ ಇದೊಂದೇ.

ಈಗಿನ ಅನೇಕ ಕಾರುಗಳಲ್ಲಿ ಕೀಲಿಯೂ ಇಲ್ಲ, ಗುಂಡಿ ಒತ್ತಿದರೆ ಕಂಪ್ಯೂಟರು ರಿಲೇಗೆ ಅಪ್ಪಣೆ ಕೊಡುತ್ತದೆ. ಕ್ಲಾರಾ ಫೋರ್ಡ್ ಮೆಚ್ಚಿದ್ದ ಬ್ಯಾಟರಿ ಕಾರು ಮರಳಿ ಬಂದಿದೆ. ಅದಕ್ಕೆ ಸ್ಟಾರ್ಟರ್ ಬೇಕಿಲ್ಲ. ಆದರೂ ಚಾಲೂ ಮಾಡಿದಾಗ ಕಿವಿಗೊಟ್ಟರೆ ಸೀಟಿನ ಅಡಿಯಿಂದಲೋ ಬಾನೆಟ್ಟಿನ ಕೆಳಗಿನಿಂದಲೋ ಒಂದು ಭಾರವಾದ ‘ಟಕ್’ ಕೇಳಿಸುತ್ತದೆ. ಕಾಂಟ್ಯಾಕ್ಟರ್ ಎಂಬ ದೊಡ್ಡ ರಿಲೇ ನೂರಾರು ವೋಲ್ಟಿನ ಬ್ಯಾಟರಿಯನ್ನು ಮೋಟಾರಿನ ದಾರಿಗೆ ಕೂಡಿಸುವ ಸದ್ದು ಅದು. ಅದರ ತುದಿಗಳೂ ಬೆಸೆದುಕೊಳ್ಳಬಹುದಾದ್ದರಿಂದ, ಬೆಸೆದಿವೆಯೇ ಎಂದು ಕಾರಿನ ಕಂಪ್ಯೂಟರು ತಾನೇ ಪರೀಕ್ಷಿಸಿಕೊಳ್ಳುತ್ತಿರುತ್ತದೆ.