ಹತ್ತು ರಾಗ, ಒಂದು ಡಿಸ್ಕೋ ತಾಳ: ಚರಣ್‌ಜಿತ್ ಸಿಂಗ್ ಆಲ್ಬಮ್ಮಿನ ವಿಮರ್ಶೆಯ ಚರಿತ್ರೆ

ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಎಚ್‌ಎಂವಿಗಾಗಿ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಧ್ವನಿಮುದ್ರಿಸಿದರು. ತಬಲಾದ ಜಾಗಕ್ಕೆ ರೋಲ್ಯಾಂಡ್ ಕಂಪನಿಯ ತಾಳಯಂತ್ರ ಟಿಆರ್-808 ಬಂತು. ಮಂದ್ರದಲ್ಲಿ ಟಿಬಿ-303 ಸಿಂಥಸೈಸರ್, ರಾಗದ ನಡೆಗೆ ಜುಪಿಟರ್-8 ಸಿಂಥಸೈಸರ್. ಭೈರವಿ, ಲಲಿತ್, ತೋಡಿ, ಯಮನ್, ಮಾಲಕೌಂಸ್ ಸೇರಿ ಹತ್ತು ರಾಗ. ಧ್ವನಿತಟ್ಟೆ ಹೆಚ್ಚು ಮಾರಾಟವಾಗಲಿಲ್ಲ, ಮರೆತೂಹೋಯಿತು.

ಡಚ್ ಸಂಗ್ರಾಹಕ ಎಡೋ ಬೌಮನ್ 2002ರಲ್ಲಿ ದೆಹಲಿಯಲ್ಲಿ ಅದರ ಪ್ರತಿ ಕಂಡು, 2010ರಲ್ಲಿ ತಮ್ಮ ‘ಬಾಂಬೆ ಕನೆಕ್ಷನ್’ ಮೂಲಕ ಮರುಬಿಡುಗಡೆ ಮಾಡಿದ ಮೇಲೆ ವಿಮರ್ಶೆ ಶುರುವಾಯಿತು. ಆಸಿಡ್ ಹೌಸ್ ಎಂಬ ನೃತ್ಯಸಂಗೀತಕ್ಕೆ ನಾಂದಿಯೆನ್ನುವ, ಷಿಕಾಗೋದ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಬಂದದ್ದು 1987ರಲ್ಲಿ. ಅದೇ ಟಿಬಿ-303ರ ಅಂಥದೇ ದನಿ ಐದು ವರ್ಷ ಮೊದಲೇ ಮುಂಬಯಿಯಲ್ಲಿತ್ತೆಂದು ಗೊತ್ತಾದಾಗ ಬರಹಗಾರರು ಬೆರಗಾದರು. ಯಾರೋ ಈಚೆಗೆ ಮಾಡಿ ಹಳೆಯದೆಂದು ನಂಬಿಸುತ್ತಿದ್ದಾರೆ ಎಂಬ ಅನುಮಾನವೂ ಎದ್ದಿತು. 2011ರಲ್ಲಿ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆ ಇದರ ಬಗ್ಗೆ ಬರೆಯಿತು. ಚರಣ್‌ಜಿತ್ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯುರೋಪಿನ ವೇದಿಕೆಗಳಲ್ಲಿ ನುಡಿಸಿದರು. 2015ರ ಜುಲೈಯಲ್ಲಿ ತೀರಿಕೊಂಡರು.

ಈ ಬರಹಗಳು ಬಹುಪಾಲು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಆಸಿಡ್ ಹೌಸ್ ಮೊದಲು ಹುಟ್ಟಿದ್ದು ಎಲ್ಲಿ? ಷಿಕಾಗೋದವರು ಈ ತಟ್ಟೆ ಕೇಳಿದ್ದರೆನ್ನಲು ಆಧಾರವಿಲ್ಲ. ಆದ್ದರಿಂದ ಈ ‘ಮೊದಲು’ ಎಂಬ ಪಟ್ಟದಿಂದ ಸಂಗೀತದ ಬಗ್ಗೆ ತಿಳಿಯುವುದು ಕಡಿಮೆ. ರಾಗ ಏನಾಯಿತು ಎಂದು ಕೇಳಬೇಕಿತ್ತು. ತೋಡಿಯನ್ನೇ ತೆಗೆದುಕೊಳ್ಳಿ. ಅದರ ಗಾಂಧಾರ ಸಾಮಾನ್ಯ ಕೋಮಲ ಗಾಂಧಾರಕ್ಕಿಂತ ಕೆಳಗೆ ನಿಲ್ಲಬೇಕು. ಟಿಬಿ-303 ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲದು, ಮೀಂಡಿನ ಛಾಯೆಯೂ ಬರುತ್ತದೆ. ಆದರೆ ಜಾರಿ ನಿಲ್ಲುವುದು ಹನ್ನೆರಡು ಸಮಪಾಲಿನ ಮನೆಗಳಲ್ಲೇ. ಹಾಗಾಗಿ ತೋಡಿ ಸೊರಗುತ್ತದೆ. ಐದೇ ಸ್ವರಗಳ ಭೂಪಾಲಿ, ಕಲಾವತಿ ಗಟ್ಟಿಯಾಗಿ ಉಳಿಯುತ್ತವೆ ಎಂಬುದು ನನ್ನ ತೀರ್ಮಾನ.

ಇದು ಹಳೆಯ ವಾದ. ಇದೇ ಶ್ರುತಿದೋಷದ ಆಕ್ಷೇಪದಿಂದ ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಬೀದರ್ ಜಿಲ್ಲೆಯ ಭಾಲ್ಕಿ, ಔರಾದ್ ಸೀಮೆಯ ಭಜನಾ ಮೇಳಗಳು ಮಾತ್ರ ಪೇಟಿ (ಹಾರ್ಮೋನಿಯಂ) ಬಿಡಲಿಲ್ಲ. ವಚನ, ತತ್ವಪದ, ಗಡಿಯಾಚೆಯ ಅಭಂಗ ಎಲ್ಲಕ್ಕೂ ಅದೇ ಆಸರೆ. ಬೀದರ್‌ನ ನಾನಕ್ ಝೀರಾ ಗುರುದ್ವಾರದ ಕೀರ್ತನೆಗೂ ಪೇಟಿ ಉಂಟು; ಅಲ್ಲಿ ಹಾಡುವ ಗುರು ಗ್ರಂಥ ಸಾಹಿಬ್ 31 ರಾಗಗಳಲ್ಲಿ ವಿಂಗಡವಾಗಿದೆ, ತೋಡಿಯೂ ಅದರಲ್ಲಿದೆ. ಮನೆಗಟ್ಟಿದ ಸ್ವರದಲ್ಲಿ ರಾಗದ ಜೀವವನ್ನು ಕೊರಳಿನಿಂದ ತುಂಬಿಕೊಳ್ಳುವ ವಿದ್ಯೆ ಈ ಜಿಲ್ಲೆಯ ಹಾಡುಗಾರರಿಗೆ ಕರಗತ. ಚರಣ್‌ಜಿತ್ ಆಲ್ಬಮ್ಮಿನಲ್ಲಿ ಕೊರಳಿಲ್ಲ. ಆ ಕೊರತೆಯನ್ನೂ, ಅದನ್ನು ಮೀರಲು ಅವರು ಪಟ್ಟ ಪಾಡನ್ನೂ ಗುರುತಿಸಬಲ್ಲವರು ಇವರೇ.

ನಮ್ಮ ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳು ಈ ತಟ್ಟೆಯನ್ನು ಬೀದರ್ ಜಿಲ್ಲೆಯ ಪೇಟಿ ಮಾಸ್ತರರಿಗೆ ಕೇಳಿಸಿ, ಅವರ ಮಾತನ್ನು ರಾಗರಾಗವಾಗಿ ದಾಖಲಿಸಬೇಕು.