ಸಂಡೂರಿನ ಗುಡಿ ತೆರೆದ ಕಾಲ

ಹೊಸಪೇಟೆಯ ಚಿತ್ತವಾಡ್ಗಿಯ ದಕ್ಷಿಣಕ್ಕೆ ಏಳುವ ಬೆಟ್ಟಸಾಲಿನ ಆಚೆಗೆ ಬ್ರಿಟಿಷರ ಕಾಲದಲ್ಲಿ ಬೇರೆಯದೇ ಸೀಮೆ. ಈಚೆಗಿನ ಹೊಸಪೇಟೆ, ಹಂಪಿ, ಕಂಪ್ಲಿಗಳು ಮದರಾಸು ಪ್ರಾಂತ್ಯಕ್ಕೆ ಸೇರಿ ಬಳ್ಳಾರಿಯ ಕಲೆಕ್ಟರ ಆಡಳಿತಕ್ಕೆ ಒಳಪಟ್ಟಿದ್ದವು. ಆಚೆಗೆ, ನಾರಿಹಳ್ಳ ಸೀಳಿಕೊಂಡು ಹರಿಯುವ ಕಣಿವೆಯಲ್ಲಿ, ಘೋರ್ಪಡೆ ಮನೆತನದ ಸಂಡೂರು ಸಂಸ್ಥಾನ. 1817ರಲ್ಲಿ ಇಂಗ್ಲಿಷ್ ಅಧಿಕಾರಿ ಥಾಮಸ್ ಮನ್ರೋನ ವಶವಾಗಿ, ಮರುವರ್ಷವೇ ಅರಸರ ಕೈಗೆ ಮರಳಿದ ಈ ಪುಟ್ಟ ರಾಜ್ಯದ ಸುತ್ತಲೂ ಇಂಗ್ಲಿಷರ ನೆಲವೇ ಇತ್ತು.

ಆ ರಾಜ್ಯದ ದೈವ ಬೆಟ್ಟದ ಮೇಲಿನ ಕುಮಾರಸ್ವಾಮಿ. ತಾಯಿ ಪಾರ್ವತಿಯ ಮೇಲೆ ಮುನಿದು, ಕುಡಿದ ಹಾಲನ್ನೆಲ್ಲ ಕಕ್ಕಿದನಂತೆ ಸ್ವಾಮಿ. ಆ ಹಾಲೇ ಬೆಟ್ಟದಲ್ಲಿ ಬಿಳಿಯ ವಿಭೂತಿಯಾಯಿತೆಂದು ಭಕ್ತರ ನಂಬಿಕೆ. ಮೂರು ವರ್ಷಕ್ಕೊಮ್ಮೆ ಕಾರ್ತಿಕದ ಜಾತ್ರೆಗೆ ಸೀಮೆ ಸೀಮೆಯ ಜನ ಗಾಡಿ ಕಟ್ಟಿಕೊಂಡು ಬಂದು, ಆ ವಿಭೂತಿಯನ್ನು ಸೆರಗಿನಲ್ಲಿ, ಪಂಚೆಯ ಅಂಚಿನಲ್ಲಿ ಗಂಟು ಹಾಕಿಕೊಂಡು ಊರಿಗೆ ಮರಳುತ್ತಿದ್ದರು. ಅಸ್ಪೃಶ್ಯರೆನಿಸಿಕೊಂಡವರಿಗೆ ಮಾತ್ರ ಗುಡಿಯ ಒಳಗೆ ಪ್ರವೇಶವಿರಲಿಲ್ಲ.

1932ರಲ್ಲಿ ನಾಡೇ ಕುದಿಯುತ್ತಿತ್ತು. ಮಲಬಾರಿನ ಗುರುವಾಯೂರಿನಲ್ಲಿ ಗುಡಿ ಪ್ರವೇಶಕ್ಕಾಗಿ ಕೇಳಪ್ಪನ್ ಅವರ ಸತ್ಯಾಗ್ರಹ. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಕೂಡದೆಂದು ಯರವಡಾ ಜೈಲಿನಲ್ಲಿ ಗಾಂಧೀಜಿಯ ಉಪವಾಸ. ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದ. ಶಾಸನಸಭೆಗಳನ್ನು ನಂಬಿದ ಉದಾರವಾದಿಗಳು ಮಸೂದೆಗಳನ್ನು ಹಿಡಿದು ಹೊರಟರು. ಮದರಾಸಿನಲ್ಲಿ ಸುಬ್ಬರಾಯನ್ ಅವರ ದೇವಾಲಯ ಪ್ರವೇಶ ಮಸೂದೆಗೆ 1933ರ ಜನವರಿಯಲ್ಲಿ ವೈಸ್‌ರಾಯ್ ಅನುಮತಿ ನಿರಾಕರಿಸಿದರು. ದಿಲ್ಲಿಯ ಕೇಂದ್ರ ಶಾಸನಸಭೆಯಲ್ಲಿ ರಂಗ ಅಯ್ಯರ್ ಅವರ ಅಂಥದೇ ಮಸೂದೆ ಚರ್ಚೆಯಲ್ಲೇ ಸವೆದು 1934ರಲ್ಲಿ ಹಿಂದಕ್ಕೆ ಹೋಯಿತು. ಧರ್ಮದ ವಿಷಯದಲ್ಲಿ ಕೈಹಾಕೆವೆಂಬ ಬ್ರಿಟಿಷರ ನೀತಿ ಸನಾತನಿಗಳಿಗೆ ಕೋಟೆಯಾಗಿ ನಿಂತಿತು.

ಅದೇ 1932ರಲ್ಲಿ ಸಂಡೂರಿನ ರಾಜಾ ಯಶವಂತರಾವ್ ಘೋರ್ಪಡೆ ಕುಮಾರಸ್ವಾಮಿ ಗುಡಿಯನ್ನು ಹರಿಜನರಿಗೆ ತೆರೆಸಿದರು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ, ಪಟ್ಟವೇರಿದ್ದು 1928ರಲ್ಲಿ. ತಿರುವಾಂಕೂರಿನ ಹೆಸರಾಂತ ದೇವಾಲಯ ಪ್ರವೇಶ ಘೋಷಣೆ ಹೊರಬಿದ್ದದ್ದು 1936ರಲ್ಲಿ, ನಾಲ್ಕು ವರ್ಷ ತಡವಾಗಿ. ಬೆಟ್ಟದ ಈಚೆಗಿನ ಹೊಸಪೇಟೆ ಸೀಮೆಯೂ ಸೇರಿದಂತೆ ಮದರಾಸು ಪ್ರಾಂತ್ಯಕ್ಕೆಲ್ಲ ಅನ್ವಯವಾಗುವಂತೆ ಗುಡಿ ಪ್ರವೇಶದ ಹಕ್ಕು ಕೊಡುವ ಕಾಯ್ದೆ ಬರಲು 1947 ಆಗಬೇಕಾಯಿತು. ಹರಿಜನ ಪ್ರವಾಸದಲ್ಲಿ 1934ರಲ್ಲಿ ಗಾಂಧೀಜಿ ಸಂಡೂರಿಗೂ ಬಂದರು.

ಗುಡಿ ತೆರೆದ ಈ ಘಟನೆಯನ್ನು ನಮ್ಮ ಚರಿತ್ರೆಯ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಸಲ್ಲದೆನಿಸುತ್ತದೆ. ಜನರ ಮತದಿಂದ ಬಂದವರು ಮಾಡಲಾಗದ್ದನ್ನು ವಂಶದಿಂದ ಬಂದವನು ಮಾಡಿದ. ಗುಡಿ, ಪಟ್ಟ, ಪರಂಪರೆ ಇವುಗಳಿಂದಲೇ ಅಧಿಕಾರ ಪಡೆದ ಅರಸ, ಆ ಗುಡಿಯ ಪೂಜೆಯನ್ನೂ ಜಾತ್ರೆಯನ್ನೂ ಹಾಗೆಯೇ ಉಳಿಸಿ, ಅದರ ಅನ್ಯಾಯವೊಂದನ್ನು ಕಿತ್ತು ಹಾಕಿದ. ರಾಜನ ಮಾತೇ ಧರ್ಮವೆನ್ನುತ್ತಿದ್ದ ಸಂಪ್ರದಾಯಸ್ಥರಿಗೆ ಆ ಮಾತನ್ನು ಮೀರುವುದು ಸುಲಭವಿರಲಿಲ್ಲ. ಬದಲಾವಣೆಯನ್ನು ಬಯಸುವವರಿಗೂ ಹಳೆಯದನ್ನು ಕಾಯುವವರಿಗೂ ಇದರಲ್ಲಿ ಪಾಲಿದೆಯೆಂದೇ ನಾನು ತಿಳಿದಿದ್ದೇನೆ.

ಆದರೂ ಆ ಔದಾರ್ಯ ಅರಮನೆಯ ಅಳತೆಯದೇ ಆಗಿತ್ತು. ಹೆಂಗಸರು ಕುಮಾರಸ್ವಾಮಿಯ ಸನ್ನಿಧಿಗೆ ಹೋಗದೆ ಪಕ್ಕದ ಪಾರ್ವತಿಯ ಗುಡಿಗಷ್ಟೇ ನಡೆದುಕೊಳ್ಳಬೇಕೆಂಬ ಕಟ್ಟಳೆ ಕದಲಲಿಲ್ಲ. ಜಮೀನಿನ ಒಡೆತನವೂ ಕದಲಲಿಲ್ಲ. 1949ರಲ್ಲಿ ಸಂಸ್ಥಾನ ಮದರಾಸಿನಲ್ಲಿ ವಿಲೀನವಾಯಿತು. 1953ರ ಅಕ್ಟೋಬರ್ 1ರಂದು ಸಂಡೂರು ಬಳ್ಳಾರಿಯೊಡನೆ ಮೈಸೂರು ರಾಜ್ಯಕ್ಕೆ ಸೇರಿತು. ಅರಸುಗಿರಿ ಹೋದ ಮೇಲೂ ಇನಾಂ ಜಮೀನಿನ ಪ್ರಶ್ನೆ ಉಳಿದೇ ಇತ್ತು. 1973ರಲ್ಲಿ, ಗುಡಿಗೆ ಪ್ರವೇಶ ಪಡೆದು ನಾಲ್ಕು ದಶಕ ಕಳೆದ ಅದೇ ಸೀಮೆಯಲ್ಲಿ, ಸಾಗುವಳಿದಾರರು ಸಮಾಜವಾದಿಗಳ ಜತೆಗೂಡಿ ಭೂಮಿಗಾಗಿ ಸತ್ಯಾಗ್ರಹಕ್ಕಿಳಿದರು. ಆಗ ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು ಯಶವಂತರಾಯರ ಮಗ, ಕೇಂಬ್ರಿಜ್‌ನಲ್ಲಿ ಓದಿ ಬಂದ ಎಂ. ವೈ. ಘೋರ್ಪಡೆ. ಉಳುವವನನ್ನು ಒಡೆಯನಾಗಿಸುವ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದದ್ದು ಅದೇ ಸರ್ಕಾರದ ಕಾಲದಲ್ಲಿ. ಈ ಸಲ ಜನ ಅರಮನೆಯ ಅಪ್ಪಣೆಗೆ ಕಾಯಲಿಲ್ಲ. ಹಕ್ಕನ್ನು ಕಾಯ್ದೆಯಿಂದಲೇ ಕೇಳಿದರು.